ಆಟದ ನಿಯಮ ಸರಿಯಿದ್ದರೆ ಊರು ಗೆಲ್ಲುತ್ತದೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣ)



ಕಸವನ್ನು ವಿಂಗಡಿಸಿ ಕೊಡಿರೆಂದು ನಾವು ಗೋಡೆಗಳ ಮೇಲೆ ಬರೆಸಿದ್ದೇವೆ, ಗ್ರಾಮಸಭೆಗಳಲ್ಲಿ ಹೇಳಿದ್ದೇವೆ. ಆದರೂ ಸ್ವಚ್ಛವಾಹಿನಿ ಬಂದಾಗ ಹಸಿ ಕಸ, ಒಣ ಕಸ ಒಂದೇ ಬಕೆಟ್ಟಿನಲ್ಲಿ ಬರುತ್ತವೆ. ಉಪದೇಶಕ್ಕೆ ಏಳದ ಊರು ಆಟಕ್ಕೆ ಎದ್ದೀತೇ ಎಂಬುದೇ ಇಂದಿನ ವಿಷಯ.

ಏಳುತ್ತದೆ ಎಂಬುದಕ್ಕೆ ನೆರೆಯ ಮಹಾರಾಷ್ಟ್ರ ಸಾಕ್ಷಿ. ಪಾನಿ ಫೌಂಡೇಶನ್ ಸಂಸ್ಥೆಯು 2016ರಲ್ಲಿ ಅಲ್ಲಿನ 3 ತಾಲ್ಲೂಕುಗಳ ಗ್ರಾಮಗಳಿಗೆ ‘ವಾಟರ್ ಕಪ್’ ಸ್ಪರ್ಧೆಯನ್ನು ಏರ್ಪಡಿಸಿತು. ಮೊದಲು ಗ್ರಾಮಸ್ಥರಿಗೆ ತರಬೇತಿ. ಬಳಿಕ ಬೇಸಿಗೆಯ 45 ದಿನ ಮಳೆನೀರು ಇಂಗಿಸುವ ಕಾಮಗಾರಿ. ಶ್ರಮದಾನಕ್ಕೂ ಅಂಕಗಳಿದ್ದವು. ಆ ವರ್ಷ ಸಾತಾರಾ ಜಿಲ್ಲೆಯ ವೇಳು ಗ್ರಾಮವು 50 ಲಕ್ಷ ರೂಪಾಯಿಗಳ ಪ್ರಥಮ ಬಹುಮಾನ ಗಳಿಸಿತು. 2018ರ ಹೊತ್ತಿಗೆ ಸ್ಪರ್ಧೆ 75 ತಾಲ್ಲೂಕುಗಳಿಗೆ ವಿಸ್ತರಿಸಿತು. ಬಹುಮಾನ ಕೆಲವೇ ಊರುಗಳಿಗೆ ದೊರೆಯಿತು. ತೋಡಿದ ಕಂದಕ, ಹಾಕಿದ ಬದುಗಳು ಸೋತ ಊರುಗಳಿಗೂ ದಕ್ಕಿದವು.

ಇದನ್ನು ಕಂಡು ನಮ್ಮ ಪಂಚಾಯಿತಿಯಲ್ಲಿ ನಾನೂ ಒಂದು ಸ್ಪರ್ಧೆ ನಡೆಸಿದೆನು. ಎಂಜಿನಿಯರಿಂಗ್ ಓದಿದವನಾದ್ದರಿಂದ ಅಳತೆಗೆ ಸುಲಭವಾದುದನ್ನೇ ಆರಿಸಿಕೊಂಡೆ: ಶಾಲಾ ಮಕ್ಕಳ ತಂಡಗಳು ತಂದ ಪ್ಲಾಸ್ಟಿಕ್ಕಿನ ತೂಕಕ್ಕೆ ತಕ್ಕಂತೆ ಅಂಕ. ಎರಡನೆಯ ವಾರದಲ್ಲಿಯೇ ಮಕ್ಕಳು ಅಂಗಡಿಗಳಿಂದ ಹೊಸ ಕವರುಗಳನ್ನು ಕೇಳಿ ತರತೊಡಗಿದರು. ಕೆಲವು ಬಾಟಲಿಗಳಲ್ಲಿ ಮಣ್ಣು ತುಂಬಿತ್ತು. ಒಬ್ಬ ಬಾಲಕಿ ಕೇಳಿದಳು: “ಸರ್, ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ಕೇ ಕಡಿಮೆ. ಹಾಗಾದರೆ ನಾವು ಸೋತಂತೆಯೇ?” ನನ್ನಲ್ಲಿ ಉತ್ತರವಿರಲಿಲ್ಲ. ಮಕ್ಕಳು ಮೋಸ ಮಾಡಿರಲಿಲ್ಲ. ನಾನು ಬರೆದ ನಿಯಮದಂತೆಯೇ ಆಡಿದ್ದರು.

ಅನಂತರ ತೂಕವನ್ನು ಕೈಬಿಟ್ಟೆವು. ಬೀದಿಯೇ ತಂಡವಾಯಿತು. ಕಸ ಸಂಗ್ರಹಿಸುವ ಸ್ವಸಹಾಯ ಸಂಘದ ಮಹಿಳೆಯರು, ವಿಂಗಡಿಸಿ ಕೊಟ್ಟ ಮನೆಗಳನ್ನು ಪ್ರತಿದಿನ ಗುರುತು ಹಾಕಿಕೊಂಡರು. ಬೀದಿಯ ನೂರಕ್ಕೆ ಎಷ್ಟು ಮನೆಗಳು ವಿಂಗಡಿಸಿದವು ಎಂಬುದೇ ಅಂಕ. ಹೀಗಾಗಿ ಸಣ್ಣ ಬೀದಿಗೂ ದೊಡ್ಡ ಬೀದಿಗೂ ಸಮಾನ ಅವಕಾಶ. ಪ್ರತಿ ಸೋಮವಾರ ಕಚೇರಿಯ ಫಲಕದಲ್ಲಿ ಬೀದಿಯ ಅಂಕವನ್ನು ಮಾತ್ರ ಬರೆದೆವು. ಯಾವ ಮನೆಯ ಹೆಸರನ್ನೂ ಬರೆಯಲಿಲ್ಲ. ಮರೆತ ಮನೆಗೆ ನೆರೆಮನೆಯವರೇ ನೆನಪಿಸತೊಡಗಿದರು.

ಒಂದು ಕೇರಿಯ ಅಂಕ ಮಾತ್ರ ವಾರವಾರವೂ ಸೊನ್ನೆ. ವಿಚಾರಿಸಿದಾಗ, ಇಕ್ಕಟ್ಟಾದ ಆ ದಾರಿಗೆ ನಮ್ಮ ವಾಹನವೇ ಹೋಗುತ್ತಿರಲಿಲ್ಲ! ಸೋತದ್ದು ಕೇರಿಯಲ್ಲ, ಪಂಚಾಯಿತಿ. ತಳ್ಳುಗಾಡಿಯ ವ್ಯವಸ್ಥೆಯಾದ ಮೇಲೆ ಆ ಕೇರಿಯೂ ಆಟಕ್ಕೆ ಇಳಿಯಿತು. ಈಗಲೂ ಎಲ್ಲ ಮನೆಗಳೂ ವಿಂಗಡಿಸುತ್ತಿಲ್ಲ. ಆದರೆ ಯಾವ ಬೀದಿಯಲ್ಲಿ ಏನು ಕೊರತೆಯೆಂಬುದು ಆ ಫಲಕದಿಂದ ನಮಗೆ ತಿಳಿಯುತ್ತಿದೆ.

ಆದ್ದರಿಂದ ತಮ್ಮಲ್ಲಿ ಮೂರು ವಿನಂತಿಗಳು. ಸ್ಪರ್ಧೆಗೆ ಮುನ್ನ ಎಲ್ಲ ಬೀದಿಗಳಿಗೂ ಸೌಲಭ್ಯ ಒದಗಿಸಿರಿ. ನಿಯಮಗಳನ್ನು ವಾರ್ಡ್ ಸಭೆಯಲ್ಲಿ ಚರ್ಚಿಸಿ ನಿರ್ಧರಿಸಿರಿ. ಕಸದ ರಾಶಿಗೆ ಅಂಕ ಕೊಡದೆ, ಒಳ್ಳೆಯ ರೂಢಿಗೆ ಅಂಕ ಕೊಡಿರಿ. ಪ್ಲಾಸ್ಟಿಕ್ಕನ್ನು ಕಡಿಮೆ ಬಳಸುವ ಮನೆಯ ಮಗು ಸೋಲುವಂತಹ ಆಟವನ್ನು ನಾವು ಆಡಿಸಬಾರದು.