ನಾಕಾಬಂದಿಯಲ್ಲಿ ಸೋದರಮಾವ

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ನಾಲ್ಕು ಮಾತನಾಡಬೇಕೆಂದು ನಮ್ಮ ಕಾರ್ಯದರ್ಶಿಗಳು ಫೋನು ಮಾಡಿ, ವಿಷಯ ಯಾವುದೆಂದು ಕೇಳಿದರು. "ಕುಡಿದು ಗಾಡಿ ನಡೆಸುವುದು" ಎಂದೆವು. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಅವರು, "ಭಾಷಣ ರಾಜ್ಯೋತ್ಸವದ ಸಂಚಿಕೆಯಲ್ಲಿ ಅಚ್ಚಾಗುತ್ತದಲ್ಲ, ನಾಡು ನುಡಿಗೆ ಸಂಬಂಧಪಟ್ಟದ್ದು ಏನಾದರೂ..." ಎಂದು ರಾಗ ಎಳೆದರು. ನಾಡು ನುಡಿಯ ವಿಚಾರವನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಹತ್ತು ಮಂದಿ ಕುಳಿತಿದ್ದಾರೆ. ಈ ವಿಷಯದಲ್ಲಾದರೋ ನಮಗೆ ಸ್ವಂತ ಅನುಭವವಿದೆ. ಅಪರಾಧಿಯ ಪಕ್ಕದಲ್ಲಿ ಕುಳಿತ ಅನುಭವ; ಕಾಯಿದೆಯನ್ನು ಕೇಳಿದರೆ, ಅಪರಾಧಿಯ ಅನುಭವವೇ.

ನಡೆದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ.

ಹೋದ ವರ್ಷ ಡಿಸೆಂಬರಿನಲ್ಲಿ ಠಾಣೆಯ ಬಂಧುಗಳ ಮನೆಯಲ್ಲಿ ಮೆಹಂದಿ. ಊರಿನಲ್ಲಿ ನಮ್ಮ ಅಜ್ಜಿಯಂದಿರ ಕಾಲಕ್ಕೆ ಮದುವೆಯ ಹಿಂದಿನ ರಾತ್ರಿಯ ಮದರಂಗಿಯೆಂದರೆ ಹೆಂಗಸರ ಹಾಡು, ಎಲೆಯಡಿಕೆ, ನಗೆಚಾಟಿಕೆ. ಈಗ ಹೆಂಗಸರು ಕೆಳಗೆ ಕೈಗೆ ಬಣ್ಣ ಹಚ್ಚಿಕೊಳ್ಳುತ್ತಿರುವಾಗ ಗಂಡಸರು ಮೇಲಿನ ತಾರಸಿಯಲ್ಲಿ ಕಣ್ಣಿಗೆ ಬಣ್ಣ ಬರಿಸಿಕೊಳ್ಳುತ್ತಿರುತ್ತಾರೆ. ಊರಿನಲ್ಲೂ ಹಾಗೆಯೇ, ಇಲ್ಲಿಯೂ ಹಾಗೆಯೇ. ನಾವು ಗೊಣಗುತ್ತಿದ್ದೇವೆಂದು ತಿಳಿಯಬೇಡಿ. ಆ ತಾರಸಿಯಲ್ಲಿ ಬಾಟಲಿ ಹಿಡಿದು ಎಲ್ಲರನ್ನೂ ವಿಚಾರಿಸುತ್ತಿದ್ದವರು ನಾವೇ. ನಮ್ಮ ಅಕ್ಕನ ಮಗ, ಇಪ್ಪತ್ತಾರರ ಹುಡುಗ, ಗೋಡೆಗೆ ಒರಗಿ ನಿಂಬೆಯ ಪಾನಕ ಕುಡಿಯುತ್ತಿದ್ದ. "ಮಾವ, ಗಾಡಿ ಬಿಡಬೇಕು" ಎಂದ. "ಎರಡು ಪೆಗ್ಗಿಗೆ ಏನಾಗುತ್ತದೋ? ನಿನ್ನ ವಯಸ್ಸಿನಲ್ಲಿ ನಾವು..." ಎಂದು ನಮ್ಮ ಪುರಾಣ ಬಿಚ್ಚಿದೆವು. ನಾವು ಅಳಿಯಸಂತಾನದ ಸೀಮೆಯವರು. ಸೋದರಮಾವ ಕೈಯಾರೆ ಕೊಟ್ಟದ್ದನ್ನು ಬೇಡವೆನ್ನುವ ಅಳಿಯ ನಮ್ಮಲ್ಲಿ ಇನ್ನೂ ಹುಟ್ಟಬೇಕು. ಅವನು ಕುಡಿದ.

ರಾತ್ರಿ ಹನ್ನೆರಡೂವರೆಗೆ ಹೊರಟೆವು. ಹಿಂದೆ ಅಕ್ಕನೂ ನಮ್ಮ ಮನೆಯವರೂ, ಮುಂದೆ ನಾವಿಬ್ಬರು. ಹೆದ್ದಾರಿ ಖಾಲಿ. ವಿಕ್ರೋಳಿ, ಘಾಟ್‌ಕೋಪರ್ ಕಳೆಯಿತು. ಚೆಂಬೂರಿನ ತಿರುವಿಗೆ ಇನ್ನೇನು ಬಂದೆವು ಎನ್ನುವಾಗ ಎದುರಿಗೆ ಕಬ್ಬಿಣದ ಅಡ್ಡಕಟ್ಟೆಗಳು, ಹೊಳೆಯುವ ಪಟ್ಟಿಯ ಅಂಗಿಗಳು, ಕೈದೀಪ. ನಾಕಾಬಂದಿ! ಹುಡುಗನ ಕೈ ತಟಕ್ಕನೆ ಅಂಗಿಯ ಜೇಬಿಗೆ ಹೋಗಿ ಏಲಕ್ಕಿಯನ್ನು ಬಾಯಿಗೆ ಹಾಕಿತು. ಮದ್ಯದ ವಾಸನೆಯನ್ನು ಏಲಕ್ಕಿ ಮುಚ್ಚೀತು, ಆದರೆ ಆ ಯಂತ್ರಕ್ಕೆ ಮೂಗಿಲ್ಲ ಎಂಬುದು ಆಗ ನಮಗಿಬ್ಬರಿಗೂ ತಿಳಿಯದು.

ಪೇದೆ ನಡುವಯಸ್ಸಿನ ಮನುಷ್ಯ. ಗದರಲಿಲ್ಲ. ಹೊಸ ನಳಿಗೆಯೊಂದನ್ನು ಪೊಟ್ಟಣ ಹರಿದು ತೆಗೆದು ಯಂತ್ರಕ್ಕೆ ಸಿಕ್ಕಿಸಿ, "ಫುಂಕಾ" ಎಂದ. ಹುಡುಗ ಮೆಲ್ಲಗೆ ಊದಿದ. "ಅಜೂನ್ ಜೋರಾತ್" ಎಂದ. ಊದಿದ. ಯಂತ್ರ ಕೂಗಿಕೊಂಡಿತು. 58 ಎಂಬ ಅಂಕೆ ಮೂಡಿತು.

ನಾವು ಇಳಿದು ಹೋಗಿ, ನಮಗೆ ಬರುವ ಮರಾಠಿಯನ್ನೆಲ್ಲ ಒಟ್ಟುಗೂಡಿಸಿ, ಮದುವೆ ಮನೆ, ಎರಡೇ ಪೆಗ್ಗು, ಒಳ್ಳೆಯ ಮನೆತನ ಎಂದು ನಿವೇದಿಸಿದೆವು. ಅವನು ಕೇಳಿದ ಒಂದೇ ಪ್ರಶ್ನೆ: "ಕಾಕಾ, ಕುಡಿಸಿದವರು ಯಾರು?" ನಮ್ಮ ಮರಾಠಿ ಅಲ್ಲಿಗೆ ಮುಗಿಯಿತು.

ಪೋಲೀಸರೊಡನೆ ಮಾತಾಡಿ, ರಸ್ತೆಯಲ್ಲೇ ದಂಡ ಕಟ್ಟಿ ಹೊರಡಬಹುದೆಂದು ನಮ್ಮಲ್ಲಿ ಅನೇಕರ ಭಾವನೆ. ಸಿಗ್ನಲು ದಾಟಿದ್ದಕ್ಕೆ ಆ ದಾರಿ ಇದೆ, ಇದಕ್ಕಿಲ್ಲ. ಇದು ನ್ಯಾಯಾಲಯಕ್ಕೇ ಹೋಗತಕ್ಕ ಅಪರಾಧ. 1988ರ ಮೋಟಾರು ವಾಹನಗಳ ಕಾಯಿದೆಯ 185ನೆಯ ಕಲಮು. ಮೊದಲ ಸಲಕ್ಕೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಎರಡನೆಯ ಸಲಕ್ಕೆ ಎರಡು ವರ್ಷದವರೆಗೆ, ದಂಡ 15,000. ಹಿಂದೆ ದಂಡ 2,000 ಇದ್ದದ್ದು 2019ರ ಸೆಪ್ಟೆಂಬರಿನಿಂದ ಹೀಗೆ ಏರಿತು. ಲೈಸೆನ್ಸನ್ನು ಇಟ್ಟುಕೊಂಡು ಚೀಟಿ ಕೊಟ್ಟರು. ಕಾರನ್ನು ನಡೆಸಲು ಕುಡಿಯದವರು ಯಾರೆಂದು ಕೇಳಿದರು. ಕುಡಿಯದವರು ಇಬ್ಬರಿದ್ದರು, ಇಬ್ಬರಿಗೂ ಗಾಡಿ ಬಿಡಲು ಬಾರದು. ರಾತ್ರಿ ಒಂದೂವರೆ ಗಂಟೆಗೆ ರೇಷ್ಮೆ ಸೀರೆಯುಟ್ಟ ಇಬ್ಬರು ಹೆಂಗಸರು, ಅಂಗೈಯ ಮದರಂಗಿ ಇನ್ನೂ ಆರದೆ, ಹೆದ್ದಾರಿಯ ಅಂಚಿನಲ್ಲಿ ಟ್ಯಾಕ್ಸಿಗಾಗಿ ನಿಂತಿದ್ದ ಆ ದೃಶ್ಯವನ್ನು ನಾವು ಮರೆಯಲಾರೆವು.

ಮತ್ತೊಂದು ಸಂಗತಿ ನಮಗೆ ವಕೀಲರಿಂದ ತಿಳಿಯಿತು. ಅದೇ ಕಾಯಿದೆಯ 188ನೆಯ ಕಲಮಿನ ಪ್ರಕಾರ, ಕುಡಿದು ಗಾಡಿ ನಡೆಸಲು ಪ್ರಚೋದಿಸಿದವನಿಗೂ ನಡೆಸಿದವನಿಗಿರುವಷ್ಟೇ ಶಿಕ್ಷೆ. ಅಂದರೆ ಆ ರಾತ್ರಿ ಚೀಟಿ ಹರಿಯಬೇಕಾದದ್ದು ಇಬ್ಬರ ಹೆಸರಿಗೆ. ಹರಿದದ್ದು ಒಬ್ಬನ ಹೆಸರಿಗೆ. ನ್ಯಾಯಾಲಯದಲ್ಲಿ ಹುಡುಗ ತಪ್ಪೊಪ್ಪಿಕೊಂಡು ಹತ್ತು ಸಾವಿರ ಕಟ್ಟಿದ. ಹಣ ನಾವು ಕೊಡುತ್ತೇವೆಂದರೆ ಅವನು ತೆಗೆದುಕೊಳ್ಳಲಿಲ್ಲ. ಅಕ್ಕ ಏನೂ ಅನ್ನಲಿಲ್ಲ. ಆದರೆ ಆ ಮನೆಗೆ ಹೋದರೆ ಕೇಳದೆಯೇ ಬರುತ್ತಿದ್ದ ಕಾಫಿ ಮೂರು ತಿಂಗಳು ಬರಲಿಲ್ಲ.

ಇನ್ನು ಆ 58ರ ಅರ್ಥ ಏನು? ನೂರು ಮಿಲಿಲೀಟರ್ ರಕ್ತದಲ್ಲಿ 58 ಮಿಲಿಗ್ರಾಮು ಮದ್ಯಸಾರ. ನಮ್ಮ ದೇಶದ ಮಿತಿ 30. ಯಂತ್ರ ರಕ್ತ ತೆಗೆಯಲಿಲ್ಲ, ಉಸಿರನ್ನಷ್ಟೆ ಅಳೆಯಿತು. ಹೊಟ್ಟೆಗೆ ಹೋದದ್ದು ರಕ್ತಕ್ಕೆ ಸೇರುತ್ತದೆ. ರಕ್ತ ಶ್ವಾಸಕೋಶಕ್ಕೆ ಬಂದಾಗ ಅದರ ಒಂದಂಶ ಆವಿಯಾಗಿ ಉಸಿರಿನೊಡನೆ ಹೊರಬರುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿರುವಷ್ಟು ಮದ್ಯಸಾರ ಸುಮಾರು 2,100 ಮಿಲಿಲೀಟರ್ ಉಸಿರಿನಲ್ಲಿ ಇರುತ್ತದೆಂಬ ಲೆಕ್ಕದಿಂದ ಯಂತ್ರ ಅಂಕೆ ಹೇಳುತ್ತದೆ. ಏಲಕ್ಕಿ, ಪಾನ್, ಪೆಪ್ಪರ್‌ಮಿಂಟುಗಳಿಂದ ಬಾಯಿ ಬದಲಾದೀತು; ಶ್ವಾಸಕೋಶದ ಆಳದ ಗಾಳಿ ಬದಲಾಗದು. ಅದಕ್ಕೇ "ಇನ್ನೂ ಜೋರಾಗಿ" ಎನ್ನುವುದು.

ಈ ವಿದ್ಯೆ ಇಂದಿನದಲ್ಲ. ರಕ್ತದಲ್ಲಿ ಇಷ್ಟು ಮೀರಬಾರದೆಂದು ಅಂಕೆಯಿಟ್ಟು ಕಾಯಿದೆ ಮಾಡಿದ ಮೊದಲ ದೇಶ ನಾರ್ವೆ, 1936ರಲ್ಲಿ. ಅಮೆರಿಕೆಯ ಇಂಡಿಯಾನಾದ ರೋಲಾ ಹಾರ್ಗರ್ ಎಂಬ ಪ್ರೊಫೆಸರು ಬಲೂನಿಗೆ ಊದಿಸುವ ಉಪಕರಣ ಮಾಡಿದ್ದೂ ಆ ದಶಕದಲ್ಲೇ. ಅದೇ ಇಂಡಿಯಾನಾದ ಪೋಲೀಸು ಇಲಾಖೆಯ ರಾಬರ್ಟ್ ಬೋರ್ಕನ್‌ಸ್ಟೈನ್ ಎಂಬವರು 1954ರಲ್ಲಿ ಅದನ್ನು ರಸ್ತೆಬದಿಗೆ ಒಗ್ಗುವ ಪೆಟ್ಟಿಗೆಯಾಗಿಸಿದರು. ಬ್ರಿಟನ್ನಿನಲ್ಲಿ 1967ರ ಅಕ್ಟೋಬರ್ 9ರಿಂದ ಪೋಲೀಸರು ಊದಿಸತೊಡಗಿದರು. ನಳಿಗೆಯೊಳಗಿನ ಹಳದಿ ಹರಳುಗಳು ಹಸಿರಿಗೆ ತಿರುಗಿದರೆ ಸಿಕ್ಕಿಬಿದ್ದಂತೆ. ಅವರು ಇಟ್ಟ ಮಿತಿ 80. ನಮ್ಮ 30 ಎಷ್ಟು ಬಿಗಿಯೆಂದು ಇದರಿಂದ ತಿಳಿಯುತ್ತದೆ.

ಎರಡು ಪೆಗ್ಗಿನ ಲೆಕ್ಕವನ್ನು ನಾವು ಆಮೇಲೆ ಕಾಗದದ ಮೇಲೆ ಮಾಡಿ ನೋಡಿದೆವು. ಮೂವತ್ತು ಮಿಲಿಲೀಟರಿನ ಒಂದು ಸಣ್ಣ ಪೆಗ್ಗಿನಲ್ಲಿ ಹತ್ತು ಗ್ರಾಮು ಮದ್ಯಸಾರ. ಎಪ್ಪತ್ತು ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಅದು ಅಂದಾಜು 20 ಏರಿಸುತ್ತದೆ. ಎರಡು ಸಣ್ಣ ಪೆಗ್ಗಿಗೇ ಮಿತಿ ದಾಟಿತು. ಹೆಂಗಸರಿಗೂ ತೂಕ ಕಡಿಮೆ ಇದ್ದವರಿಗೂ ಇನ್ನೂ ಬೇಗ. ಅದೂ ಬಾರಿನ ಪೆಗ್ಗಾದರೆ. ಬಾರಿನಲ್ಲಿ ಅಳತೆಯ ಪಾತ್ರೆಯಿದೆ, ತಾರಸಿಯ ಮೇಲೆ ಸೋದರಮಾವನ ಕೈಯೇ ಅಳತೆ. ನಾವು ಎರಡು ಎಂದು ಎಣಿಸಿದ್ದು ನಾಲ್ಕಾಗಿತ್ತು. ಇಳಿಯುವುದಾದರೋ ಗಂಟೆಗೆ ಸುಮಾರು 15ರಂತೆ ಮಾತ್ರ. ಆ ಕೆಲಸ ಯಕೃತ್ತಿನದು, ಅದಕ್ಕೆ ಅವಸರವಿಲ್ಲ. ಕಪ್ಪು ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಇವುಗಳಿಂದ ಕುಡುಕ ಎಚ್ಚರವಾದಾನು, ರಕ್ತ ತಿಳಿಯಾಗದು. ತಡರಾತ್ರಿ ತುಂಬ ಕುಡಿದು ಮಲಗಿದವನು ಬೆಳಿಗ್ಗೆ ಎದ್ದು ಹಲ್ಲುಜ್ಜಿ ಕೆಲಸಕ್ಕೆ ಕಾರಿನಲ್ಲಿ ಹೊರಟಾಗಲೂ ಮಿತಿಯ ಮೇಲಿರಬಹುದು.

"ನಾನು ಕುಡಿದರೂ ಗಾಡಿ ಸರಿಯಾಗಿಯೇ ಬಿಡುತ್ತೇನೆ" ಎನ್ನುವವರನ್ನು ನೀವೆಲ್ಲರೂ ಕೇಳಿದ್ದೀರಿ. ಮದ್ಯ ಕೈಕಾಲನ್ನು ಹಿಡಿಯುವ ಮೊದಲೇ ಹಿಡಿಯುವುದು, ತಾನು ಸರಿಯಿದ್ದೇನೋ ಇಲ್ಲವೋ ಎಂದು ತೂಗಿ ನೋಡುವ ಬುದ್ಧಿಯನ್ನು. ತಕ್ಕಡಿಯೇ ಕೆಟ್ಟ ಮೇಲೆ ತೂಕ ಕೇಳಿ ಏನು ಫಲ? ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಓಡುತ್ತದೆ. ಬ್ರೇಕು ತುಳಿಯಬೇಕೆಂದು ಕಾಲಿಗೆ ತಿಳಿಯುವುದು ಅರ್ಧ ಸೆಕೆಂಡು ತಡವಾದರೆ ಎಂಟು ಮೀಟರು. ನಾವು ಕುಳಿತಿರುವ ಈ ಸಭಾಂಗಣದ ಅಗಲದಷ್ಟು ಇರಬಹುದು.

2006ನೆಯ ನವೆಂಬರ್ 12ರ ನಸುಕಿನಲ್ಲಿ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ನಡೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿದ್ದೀತು. ರಸ್ತೆ ಕೆಲಸಕ್ಕೆ ಬಂದ ಕೂಲಿಗಳು ಕಾಲುದಾರಿಯ ಮೇಲೆ ಮಲಗಿದ್ದರು. ಕಾರು ಅವರ ಮೇಲೆ ಹರಿಯಿತು. ಏಳು ಮಂದಿ ಸತ್ತರು, ಎಂಟು ಮಂದಿಗೆ ಗಾಯ. ನಡೆಸುತ್ತಿದ್ದ ಯುವಕನ ರಕ್ತದಲ್ಲಿ ಇದ್ದದ್ದು 112, ಮಿತಿಯ ಸುಮಾರು ನಾಲ್ಕರಷ್ಟು. ಕೆಳಗಿನ ನ್ಯಾಯಾಲಯ ಅದನ್ನು ಬರಿಯ ಅಲಕ್ಷ್ಯವೆಂದು ಕಂಡು ಆರು ತಿಂಗಳು ಕೊಟ್ಟಿತು. ಇದರಿಂದ ಸಾವಾದೀತೆಂದು ತಿಳಿದೂ ಮಾಡಿದ ಕೃತ್ಯವಿದು ಎಂದು ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು; 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಶಿಕ್ಷೆ ಕಡಿಮೆಯಾಯಿತೋ ಹೆಚ್ಚಾಯಿತೋ ಎಂಬ ವಾದ ವಕೀಲರಿಗೆ ಇರಲಿ. ನಮ್ಮ ಲಕ್ಷ್ಯ ಹೋಗುವುದು ಮಲಗಿದ್ದವರ ಕಡೆಗೆ.

ಈ ಊರಿನ ಮೇಲುಸೇತುವೆಗಳ ಕೆಳಗೆ, ಕಟ್ಟುವ ಕಟ್ಟಡಗಳ ಮಗ್ಗುಲಲ್ಲಿ ರಾತ್ರಿ ನಡೆದು ಹೋಗಿ ನೋಡಿ. ಒಲೆಯ ಮುಂದೆ ಕೂತ ತಾಯಿ ಮಗುವನ್ನು ಕರೆಯುವುದು ಕನ್ನಡದಲ್ಲಿ. ಕಲಬುರಗಿಯ ಕನ್ನಡ, ಯಾದಗಿರಿಯ ಕನ್ನಡ, ವಿಜಯಪುರದ ಕನ್ನಡ. ಅವರು ನಮ್ಮ ಸಂಘದ ಸದಸ್ಯರಲ್ಲ. ಈ ಸಂಚಿಕೆ ಅವರ ಕೈಗೆ ಹೋಗುವುದಿಲ್ಲ. ರಾಜ್ಯೋತ್ಸವದ ರಾತ್ರಿ ನಾವು ಊಟ ಮುಗಿಸಿ ಕಾರು ಹತ್ತಿ ಹೊರಟಾಗ ದಾರಿಯ ಮಗ್ಗುಲಲ್ಲಿ ಮಲಗಿರುವ ಕನ್ನಡಿಗರು ಅವರು. ವಿಷಯ ನಾಡು ನುಡಿಗೆ ಸಂಬಂಧಪಟ್ಟಿದೆಯೆ ಎಂದು ಕೇಳಿದ ಕಾರ್ಯದರ್ಶಿಗಳಿಗೆ ಇಷ್ಟನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ಇನ್ನೊಂದು ಮಾತು ಕೆಲವರಿಗೆ ಹಿತವಾಗದು, ಆದರೂ ಆಡಬೇಕು. ಈ ನಗರದ 'ಪರ್ಮಿಟ್ ರೂಮ್' ಎಂಬ ಹಲಗೆಗಳ ಹಿಂದೆ ಗಲ್ಲಾದಲ್ಲಿ ಕುಳಿತವರಲ್ಲಿ ನಮ್ಮವರು ಎಷ್ಟು ಮಂದಿ! ಆ ಹೆಸರು ಬಂದದ್ದು 1949ರ ಮುಂಬಯಿ ಪಾನನಿರೋಧ ಕಾಯಿದೆಯಿಂದ. ಕುಡಿಯಲು ಸರಕಾರದ ಅಪ್ಪಣೆಚೀಟಿ ಬೇಕು. ಚೀಟಿ ಆರೋಗ್ಯ ಕಾಪಾಡಿಕೊಳ್ಳುವುದಕ್ಕಂತೆ! ನಗಬೇಡಿ, ಕಾಯಿದೆಯ ಮಾತು. ಆ ಹಲಗೆಗಳ ದುಡಿಮೆಯಿಂದ ಎಷ್ಟೋ ಮಕ್ಕಳು ಓದಿದ್ದಾರೆ, ನಮ್ಮ ಸಂಘದ ಗೋಡೆಯಲ್ಲೂ ಅದರ ಇಟ್ಟಿಗೆಗಳಿವೆ. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಾಗ ನಮ್ಮವರ ಅಂಗಡಿಗಳು ಮುಚ್ಚಿ ಮನೆಗಳಲ್ಲಿ ಅತ್ತವರೂ ಇದ್ದರು. ಆ ಅಳು ಸುಳ್ಳಲ್ಲ. ಆದರೆ ಆ ತೀರ್ಪು ಯಾಕೆ ಬಂತೆಂಬುದೂ ಸುಳ್ಳಲ್ಲ. ನಮಗೆ ತಿಳಿದ ಒಬ್ಬ ಹಿರಿಯ ಹೋಟೆಲಿಗರು ಕಾರಿನ ಕೀಲಿಕೈ ಮೇಜಿನ ಮೇಲಿಟ್ಟು ಮೂರನೆಯದನ್ನು ಕೇಳುವ ಗಿರಾಕಿಗೆ ಮಾಣಿಯನ್ನು ಕಳಿಸುವುದಿಲ್ಲ, ತಾವೇ ಎದ್ದು ಹೋಗುತ್ತಾರೆ. "ಶೆಟ್ರೆ, ಕೀಲಿಕೈ ಇಲ್ಲಿರಲಿ, ಕಾರು ನಮ್ಮ ಅಂಗಳದಲ್ಲಿರಲಿ, ನಾಳೆ ಬಂದು ಒಂದು ಚಹಾ ಕುಡಿದು ತೆಗೆದುಕೊಂಡು ಹೋಗಿ" ಎನ್ನುತ್ತಾರೆ. ಗಿರಾಕಿ ಶೆಟ್ಟರಲ್ಲದಿದ್ದರೂ ಅವರ ಬಾಯಲ್ಲಿ ಆ ಹೊತ್ತಿಗೆ ಶೆಟ್ಟರೇ. ಕೆಲವರು ಸಿಟ್ಟಾಗಿ ಬೇರೆ ಕಡೆ ಹೋಗುತ್ತಾರಂತೆ. ಹೋಗಲಿ ಎನ್ನುತ್ತಾರೆ.

ನಾಕಾಬಂದಿ ಎಲ್ಲಿದೆಯೆಂದು ಒಬ್ಬರಿಗೊಬ್ಬರು ಫೋನಿನಲ್ಲಿ ತಿಳಿಸುವ ಉಪಕಾರಿಗಳು ನಮ್ಮಲ್ಲಿದ್ದಾರೆ. ಅಡ್ಡಕಟ್ಟೆ ಕಂಡೊಡನೆ ಎದುರು ದಿಕ್ಕಿನಲ್ಲಿ ಗಾಡಿ ತಿರುಗಿಸುವ ಶೂರರೂ ಇದ್ದಾರೆ. ಅವರಿಗೆ ಹೇಳಲು ನಮ್ಮ ಬಳಿ ಮಾತಿಲ್ಲ. ಆ ರಾತ್ರಿ ನಾಕಾಬಂದಿ ಇನ್ನೂ ಒಂದು ಮೈಲಿ ಹಿಂದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ನಮಗೆ ಈಗ ಅನಿಸುತ್ತದೆ. ಯಾಕೆಂದರೆ ಆ ಮೈಲಿಯಲ್ಲೇ, ಘಾಟ್‌ಕೋಪರಿನ ಹತ್ತಿರ, ಒಬ್ಬ ಸೈಕಲ್ಲಿನವನು ನಮ್ಮ ಕಾರಿನ ಕನ್ನಡಿಗೆ ಒಂದು ಗೇಣು ಅಂತರದಲ್ಲಿ ಹಿಂದಕ್ಕೆ ಸರಿದು ಹೋದ. ಹುಡುಗ ಅವನನ್ನು ನೋಡಿಯೇ ಇರಲಿಲ್ಲ. ನಾವು ನೋಡಿದೆವು. ಈ ಸಂಗತಿಯನ್ನು ಅಕ್ಕನಿಗೆ ಇದುವರೆಗೆ ಹೇಳಿಲ್ಲ. ಅವಳು ಈ ಸಭೆಯಲ್ಲೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ.

ಕೊನೆಗೊಂದು ಸೂಚನೆ. ಜನವರಿಯಲ್ಲಿ ಸಂಘದ ವಿಹಾರಕೂಟ ಲೋಣಾವಳಕ್ಕೆ. ಪ್ರತಿ ವರ್ಷ ಇಪ್ಪತ್ತು ಇಪ್ಪತ್ತೈದು ಕಾರುಗಳ ಮೆರವಣಿಗೆಯಲ್ಲಿ ಹೋಗಿ, ರಾತ್ರಿ ಘಾಟಿಯಲ್ಲಿ ಇಳಿದು ಬರುವುದು ರೂಢಿ. ಈ ಸಲ ಬಸ್ಸು ಮಾಡಬೇಕೆಂದು ಕಾರ್ಯಕಾರಿ ಸಮಿತಿಗೆ ಕೇಳಿಕೊಂಡಿದ್ದೇವೆ. ಖರ್ಚು ಹೆಚ್ಚೆಂದರು, ಹೆಚ್ಚಿನದನ್ನು ನಾವು ಭರಿಸುತ್ತೇವೆ, ಹೇಗೂ ಹತ್ತು ಸಾವಿರ ನಮ್ಮಲ್ಲಿ ಉಳಿದುಕೊಂಡಿದೆ. ಐವತ್ತು ಆಸನಗಳಲ್ಲಿ ಮೂವತ್ತೆಂಟು ತುಂಬಿವೆ. ಹೆಸರು ಕೊಡದವರು ಇವತ್ತು ಊಟಕ್ಕೆ ಏಳುವ ಮುಂಚೆ ಬಾಗಿಲ ಬಳಿ ಪುಸ್ತಕ ಹಿಡಿದು ಕೂತಿರುವ ಹುಡುಗನಿಗೆ ಬರೆಸಿರಿ. ಅವನೇ ನಮ್ಮ ಅಳಿಯ.