ಬೆಕ್ಕಿಗೊಂದು ಉಂಡೆ, ಎರಡು ಸಮೋಸ



ಮುಂಬಯಿಯ ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಪುಟ್ಟ ಮಕ್ಕಳಿಗೆ ಬೆಕ್ಕು ಬರೀರಿ ಅಂದರೆ, 'ಬರಲ್ಲ ಟೀಚರ್' ಅನ್ನುತ್ತವೆ. ಒಂದು ಉಂಡೆ ಬರೀರಿ ಅಂದರೆ ತಕ್ಷಣ ಬರೆಯುತ್ತವೆ. ಅದರ ಕೆಳಗೆ ದೊಡ್ಡದೊಂದು ಉಂಡೆ, ತಲೆಯ ಮೇಲೆ ಸಮೋಸದಂಥ ಎರಡು ಕಿವಿ, ಮೀಸೆ, ಬಾಲ. ಬೆಕ್ಕು ಬಂತು! ಕಿವಿ ಉದ್ದ ಎಳೆದು ಬಾಲ ಮೋಟು ಮಾಡಿದರೆ ಮೊಲ. ಹಿಂದಿ, ಇಂಗ್ಲಿಷಿನಲ್ಲೇ ಆಡುವ ಮಕ್ಕಳ ಬಾಯಲ್ಲಿ 'ಮೀಸೆ', 'ಮೋಟು ಬಾಲ' ಕೇಳುವುದೇ ಒಂದು ಖುಷಿ.

ಇದು ನನ್ನ ಉಪಾಯವೇನಲ್ಲ. ಇಲ್ಲೇ ಡಹಾಣು ಕಡೆಯ ವಾರ್ಲಿ ಚಿತ್ರ ನೋಡಿ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ. ವೃತ್ತ, ತ್ರಿಕೋನ, ಚೌಕಗಳಲ್ಲೇ ಜನ, ದನ, ಕುಣಿತ ಎಲ್ಲವೂ. ಆ ಕಲೆಯ ಜಿವ್ಯಾ ಸೋಮಾ ಮಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು.

ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಮೊಮ್ಮಗ ಆನೆಗೆ ಐದು ಕಾಲು ಬರೆದಿದ್ದ. ನಾನು ರಬ್ಬರ್ ಹಿಡಿದು ಒಂದನ್ನು ಅಳಿಸಿದೆ. 'ಅದು ಸೊಂಡಿಲು ಅಜ್ಜಿ' ಅಂದ. ಆಮೇಲೆ ಎರಡು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ.

ಈಗ ಮೊದಲು ಕೇಳುತ್ತೇನೆ, 'ಇದೇನು ಪುಟ್ಟಾ?' ತರಗತಿಗೆ ಬರುವ ಅಮ್ಮಂದಿರ ಕೈಗೂ ರಬ್ಬರ್ ಕೊಡುವುದಿಲ್ಲ.