ದೋಣಿಗಳ ದಿಬ್ಬಣ

ದೋಣಿಯನ್ನು ಮನೆಯ ಅಂಗಳದಲ್ಲಿ ಇಟ್ಟುಕೊಂಡಿರುವ ಜನರೂ ಉಂಟು ಎಂದು ಯಾರಾದರೂ ಹೇಳಿದ್ದರೆ ಹಿಂದೆ ನಾನು ನಂಬುತ್ತಿರಲಿಲ್ಲ. ಕರಾವಳಿಯಲ್ಲಿ ಹುಟ್ಟಿ ಬೆಳೆದ ನನಗೆ ದೋಣಿಯೆಂದರೆ ನೀರಿಗೆ ಸೇರಿದ್ದು. ಮಳೆಗಾಲದಲ್ಲಿ ಮಾತ್ರ ಅದು ತೆಂಗಿನ ಮಡಲು ಹೊದ್ದು ದಂಡೆಯ ಮೇಲೆ ಮಲಗುವುದು. ೨೦೧೮ರ ಬೇಸಗೆ ರಜೆಯಲ್ಲಿ ಅಮೆರಿಕೆಯ ವರ್ಜೀನಿಯ ರಾಜ್ಯದಲ್ಲಿರುವ ಮಗಳ ಮನೆಗೆ ಹೋದೆ. ಹೋಗಿ ನೋಡಿದರೆ ಕಾರಿನ ಪಕ್ಕದಲ್ಲಿ, ಎರಡು ಗಾಲಿಯ ಗಾಡಿಯೊಂದರ ಮೇಲೆ, ಹದಿನೆಂಟು ಅಡಿ ಉದ್ದದ ಹಾಯಿದೋಣಿ ಕುಳಿತಿದೆ! ಗಾಡಿಗೆ ಅಲ್ಲಿ ಟ್ರೈಲರು ಎನ್ನುತ್ತಾರೆ. ಕಾರಿನ ಹಿಂದೆ ಸಿಕ್ಕಿಸಿಕೊಂಡು ಹೊರಟರಾಯಿತು, ಯಾವ ನೀರು ಬೇಕೋ ಆ ನೀರಿನ ದಂಡೆಯಲ್ಲಿ ಇಳಿಜಾರಿನ ಮೇಲೆ ಗಾಡಿಯನ್ನು ಹಿಂದೆ ಸರಿಸಿ ದೋಣಿಯನ್ನು ತೇಲಿಬಿಡಬಹುದು. ಅಲ್ಲಿಯ ರಸ್ತೆಗಳಲ್ಲಿ ವಿಶೇಷ ಪರವಾನಗಿಯಿಲ್ಲದೆ ಎಂಟೂವರೆ ಅಡಿಗಿಂತ ಅಗಲವಾದುದನ್ನು ಎಳೆದುಕೊಂಡು ಹೋಗಕೂಡದು. ಆದುದರಿಂದ ಈ ದೋಣಿಗಳೆಲ್ಲ ಸಣ್ಣವೇ. ಕೂವೆಮರವನ್ನು ಮಡಿಸಿ ಮಲಗಿಸಬಹುದು. ಅಡಿಯ ಹಲಗೆಯನ್ನು ಮೇಲಕ್ಕೆಳೆದುಕೊಂಡರೆ ಮೊಣಕಾಲುದ್ದದ ನೀರಿನಲ್ಲಿಯೂ ತೇಲುತ್ತವೆ.

ಇಂಥ ದೋಣಿಯುಳ್ಳವರು ನಾಲ್ಕಾರು ಮಂದಿ ಕೂಡಿಕೊಂಡು ಮೂರು ನಾಲ್ಕು ದಿನ ಕಾಲುವೆ, ನದಿ, ಹಿನ್ನೀರುಗಳಲ್ಲಿ ಯಾನ ಮಾಡುವುದುಂಟು. ನಮ್ಮ ಅಳಿಯಂದಿರು ಆ ವಸಂತದಲ್ಲಿ ಹಾಗೊಂದು ಐದು ದೋಣಿಗಳ ತಂಡಕ್ಕೆ ಸೇರಿದ್ದರು. "ಮಾವ, ನೀವೂ ಬನ್ನಿ, ಸುಮ್ಮನೆ ಕುಳಿತಿದ್ದರೆ ಸಾಕು" ಎಂದರು. ಹೋದೆ. ಆ ಯಾನಕ್ಕಿಂತಲೂ ಅದರ ಸನ್ನಾಹವೇ ನನ್ನ ಮನಸ್ಸಿನಲ್ಲಿ ಹೆಚ್ಚಾಗಿ ನಿಂತಿರುವುದರಿಂದ ಅದನ್ನೇ ತಮ್ಮ ಮುಂದೆ ಇಡುತ್ತೇನೆ.

ತಂಡದ ಮುಂದಾಳು ಅರುವತ್ತು ದಾಟಿದ ಒಬ್ಬ ಮಹಿಳೆ. ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಚಳಿಗಾಲದಲ್ಲಿಯೇ ಆಕೆ ಪ್ರತಿಯೊಬ್ಬರಿಗೂ ಒಂದು ಪ್ರಶ್ನಪತ್ರಿಕೆ ಕಳುಹಿಸಿದ್ದರು. ನಮ್ಮ ಶಾಲೆಯ ಪ್ರಶ್ನಪತ್ರಿಕೆಗಳೂ ಅಷ್ಟು ಕಟ್ಟುನಿಟ್ಟಲ್ಲ. ದೋಣಿಗೆ ಎಷ್ಟು ಆಳದ ನೀರು ಬೇಕು? ಇಂಜಿನ್ನು ಗಂಟೆಗೆ ಎಷ್ಟು ಎಣ್ಣೆ ಕುಡಿಯುತ್ತದೆ? ಯಾರು ಯಾರು ಬರುತ್ತಾರೆ, ಯಾರಿಗೆ ಈಜು ಬರುವುದಿಲ್ಲ, ಯಾರು ಯಾವ ಔಷಧಿ ತೆಗೆದುಕೊಳ್ಳುತ್ತಾರೆ? ದಂಡೆಯಲ್ಲಿ ಉಳಿಯುವ ಯಾರ ಕೈಯಲ್ಲಿ ನಿಮ್ಮ ದಾರಿಯ ವಿವರ ಬರೆದು ಕೊಟ್ಟಿದ್ದೀರಿ, ಎಷ್ಟು ಹೊತ್ತಿನೊಳಗೆ ನಿಮ್ಮಿಂದ ಸುದ್ದಿ ಬಾರದಿದ್ದರೆ ಅವರು ಕರಾವಳಿ ರಕ್ಷಣೆಯವರಿಗೆ ಹೇಳಬೇಕು? ಎಣ್ಣೆಗೆ ಅವರ ಲೆಕ್ಕ ಸರಳ: ಮೂರರಲ್ಲಿ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಇನ್ನೊಂದು ಪಾಲನ್ನು ಮುಟ್ಟಕೂಡದು.

ವೇಗದ ಲೆಕ್ಕ ನನಗೆ ಹೊಸದು. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗವನ್ನು ನಿರ್ಣಯಿಸುವುದು ಇಂಜಿನ್ನಿನ ಬಲವಲ್ಲ, ನೀರಿನ ಮಟ್ಟದಲ್ಲಿ ಅದರ ಉದ್ದ. ದೋಣಿ ತಾನೆಬ್ಬಿಸಿದ ಅಲೆಯ ತಗ್ಗಿನಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಹದಿನಾರು ಅಡಿ ಉದ್ದಕ್ಕೆ ಗಂಟೆಗೆ ಸುಮಾರು ಐದೂಕಾಲು ನಾವಿಕ ಮೈಲಿ. ಇಂಜಿನ್ನು ಎಷ್ಟು ಅರಚಿದರೂ ಅದಕ್ಕಿಂತ ಹೆಚ್ಚಿಲ್ಲ. ಐದು ದೋಣಿಗಳಲ್ಲಿ ಅತಿ ಚಿಕ್ಕದು ನಮ್ಮದೇ. ಆದುದರಿಂದ ಇಡೀ ಯಾನದ ವೇಳಾಪಟ್ಟಿ ನಮ್ಮ ದೋಣಿಯನ್ನು ಅನುಸರಿಸಿ ಸಿದ್ಧವಾಗಿತ್ತು. ಸಾಲಿನಲ್ಲಿ ಮೊದಲು ನಾವು. ಎಲ್ಲರಿಗಿಂತ ಹಿಂದೆ ಹಗ್ಗ, ಉಪಕರಣಗಳ ಸಮೇತ ಮುಂದಾಳಿನ ದೋಣಿ. ಮುಂದಾಳು ಹಿಂದೆ ಏಕೆ ಎಂದು ನಾನು ಕೇಳಿದ್ದಕ್ಕೆ ಆಕೆ ನಕ್ಕು, ಕೆಟ್ಟು ನಿಂತ ದೋಣಿಯು ಮುಂದೆ ಇರುವವರಿಗೆ ಕಾಣಿಸುವುದಿಲ್ಲವೆಂದರು. ಎಳೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದ ಮೇಷ್ಟರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಾರುಗಳ ಪಾಡು. ದೋಣಿ ಒಂದೂರಿನಲ್ಲಿ ನೀರಿಗಿಳಿದು ಇನ್ನೊಂದೂರಿನಲ್ಲಿ ಮೇಲೇರುವುದಾದರೆ, ಕಾರೂ ಗಾಡಿಯೂ ಆ ಇನ್ನೊಂದೂರಿನಲ್ಲಿ ಕಾದಿರಬೇಕಲ್ಲವೆ? ಹೊರಡುವ ಹಿಂದಿನ ದಿನ ಐವರೂ ಬರಿಯ ಗಾಡಿಗಳನ್ನು ಎಳೆದುಕೊಂಡು ಕೊನೆಯ ಊರಿಗೆ ಹೋಗಿ ಬಿಟ್ಟು, ಆರನೆಯದೊಂದು ಕಾರಿನಲ್ಲಿ ತುರುಕಿಕೊಂಡು ವಾಪಸು ಬಂದರು. ಹುಲಿ, ಮೇಕೆ, ಹುಲ್ಲಿನ ಕಟ್ಟನ್ನು ಹೊಳೆ ದಾಟಿಸುವ ಹಳೆಯ ಒಗಟು ನನಗೆ ನೆನಪಾಯಿತು.

ನಾವು ಹೋದ ದಾರಿ ಇದು. ಎಲಿಜಬೆತ್ ನದಿಯಿಂದ ಡೀಪ್ ಕ್ರೀಕ್ ಎಂಬಲ್ಲಿ ಡಿಸ್ಮಲ್ ಸ್ವಾಂಪ್ ಕಾಲುವೆಯನ್ನು ಹೊಗುವುದು. ಇಪ್ಪತ್ತೆರಡು ಮೈಲಿ ನೇರವಾಗಿ ಹೋಗಿ ಉತ್ತರ ಕೆರೊಲಿನದ ಸೌತ್ ಮಿಲ್ಸ್‌ನಲ್ಲಿ ಇಳಿಯುವುದು. ಅಲ್ಲಿಂದ ಪಾಸ್ಕ್ವೊಟ್ಯಾಂಕ್ ನದಿಯಲ್ಲಿ ಎಲಿಜಬೆತ್ ಸಿಟಿ. ಆಮೇಲೆ ಆಲ್ಬೆಮಾರ್ಲ್ ಸೌಂಡ್ ಎಂಬ ದೊಡ್ಡ ಹಿನ್ನೀರನ್ನು ದಾಟಿ ಆಚೆ ದಡದ ಅಲಿಗೇಟರ್ ನದಿಯಲ್ಲಿ ಒಂದು ರಾತ್ರಿ ತಂಗಿ, ಮತ್ತೆ ಎಲಿಜಬೆತ್ ಸಿಟಿಗೆ ಮರಳುವುದು. ಗಾಡಿಗಳು ಕಾದಿದ್ದುದು ಅಲ್ಲಿಯೇ. ೨೦೧೬ರ ಮ್ಯಾಥ್ಯೂ ಚಂಡಮಾರುತದಿಂದ ಕೆಟ್ಟು ಸುಮಾರು ಒಂದು ವರ್ಷ ಮುಚ್ಚಿದ್ದ ಕಾಲುವೆ ೨೦೧೭ರ ಕೊನೆಯಲ್ಲಿ ತೆರೆದಿತ್ತು.

ಕಾಲುವೆಯ ನೀರು ಸಮುದ್ರಮಟ್ಟಕ್ಕಿಂತ ಸುಮಾರು ಎಂಟು ಅಡಿ ಮೇಲಿದೆ. ದೋಣಿ ಏರುವುದು ಹೇಗೆ? ಲಾಕು ಎಂಬ ಕಲ್ಲುಗಾರೆಯ ದೊಡ್ಡ ತೊಟ್ಟಿಯಲ್ಲಿ. ಅದರ ಎರಡು ತುದಿಗೂ ಬಾಗಿಲು. ಕೆಳಗಿನ ಬಾಗಿಲಿನಿಂದ ಐದು ದೋಣಿಗಳೂ ಒಳಗೆ ಹೋದೆವು, ಬಾಗಿಲು ಮುಚ್ಚಿತು, ಮೇಲಿನ ನೀರನ್ನು ಒಳಗೆ ಬಿಟ್ಟರು. ಹಗ್ಗವನ್ನು ಗೋಡೆಯ ಮೇಲಿನ ಗೂಟಕ್ಕೆ ಸುತ್ತಿ, ದೋಣಿ ಏರಿದಂತೆಲ್ಲ ಸಡಿಲವನ್ನು ಎಳೆದುಕೊಳ್ಳುತ್ತಿರಬೇಕು. ನನಗೆ ಕೊಟ್ಟ ಕೆಲಸ ಅದೊಂದೇ. ಇಳಿಯುವಾಗಲಾದರೆ ಹಗ್ಗವನ್ನು ಬಿಡುತ್ತ ಹೋಗಬೇಕು. ಗಂಟು ಹಾಕಿ ಮರೆತರೆ ನೀರು ಇಳಿದು ದೋಣಿ ಗೋಡೆಗೆ ನೇತುಬೀಳುತ್ತದೆ. ದಿನಕ್ಕೆ ನಾಲ್ಕೇ ಸಲ ಲಾಕು ತೆಗೆಯುತ್ತಿದ್ದುದರಿಂದ, ಮೊದಲನೆಯದು ತಪ್ಪಿದರೆ ಎರಡೂವರೆ ಗಂಟೆ ಕಾಯುವ ಶಿಕ್ಷೆ.

ಒಳಗೆ ಹೋದ ಮೇಲೆ ಎರಡೂ ದಡದಲ್ಲಿ ಕಾಡು. ನಡುವೆ ಕಟ್ಟುಚಹದ ಬಣ್ಣದ ನೀರು. ಜೌಗಿನ ಮರಗಳ ಒಗರು ಇಳಿದು ಆ ಬಣ್ಣ ಬಂದಿದೆ. ಹಡಗಿನವರು ಹಿಂದೆ ಈ ನೀರನ್ನೇ ಪೀಪಾಯಿಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದರಂತೆ, ಬಹುಕಾಲ ಕೆಡುವುದಿಲ್ಲವೆಂದು. ಗೆರೆ ಎಳೆದಂತಿರುವ ಆ ಕಾಲುವೆಯನ್ನು ನೋಡಿ ಮೆಚ್ಚುತ್ತಿದ್ದ ನನಗೆ ಅಳಿಯಂದಿರು ಅದರ ಕಥೆ ಹೇಳಿದರು. ೧೭೯೩ರಲ್ಲಿ ತೋಡಲಾರಂಭಿಸಿ ೧೮೦೫ರಲ್ಲಿ ತೆರೆದದ್ದು. ತೋಡಿದವರು ಬಹುಮಟ್ಟಿಗೆ ಬಾಡಿಗೆಗೆ ತಂದ ಗುಲಾಮರು, ಕೆಸರಿನಲ್ಲಿ ನಿಂತು, ಕೈಯಿಂದ. ಮೋಸೆಸ್ ಗ್ರ್ಯಾಂಡಿ ಎಂಬಾತ ಇದೇ ದಾರಿಯಲ್ಲಿ ಸರಕಿನ ದೋಣಿ ನಡೆಸುತ್ತಿದ್ದ ಗುಲಾಮ. ತನ್ನ ಬಿಡುಗಡೆಯ ಬೆಲೆಯನ್ನು ಆತ ಮೂರು ಸಲ ತೆರಬೇಕಾಯಿತು. ಮೊದಲ ಇಬ್ಬರು ಒಡೆಯರು ಹಣ ತೆಗೆದುಕೊಂಡು ಮಾತಿಗೆ ತಪ್ಪಿದರು. ೧೮೪೩ರಲ್ಲಿ ಲಂಡನ್ನಿನಲ್ಲಿ ಆತನ ಆತ್ಮಕಥೆ ಅಚ್ಚಾಯಿತು, ಇನ್ನೂ ಸೆರೆಯಲ್ಲಿದ್ದ ಬಂಧುಗಳನ್ನು ಬಿಡಿಸಲು ಹಣ ಕೂಡಿಸುವುದಕ್ಕಾಗಿ. ಆಮೇಲೆ ಬಹಳ ಹೊತ್ತು ನಾನು ಕಾಲುವೆಯ ಅಂದವನ್ನು ಹೊಗಳಲಿಲ್ಲ.

ಮೊದಲ ರಾತ್ರಿ ಕಾಲುವೆಯ ಪಕ್ಕದ ಪ್ರವಾಸಿಗಳ ತಂಗುದಾಣದ ಕಟ್ಟೆಗೆ ದೋಣಿಗಳನ್ನು ಒಂದರ ಮಗ್ಗುಲಿಗೊಂದು ಕಟ್ಟಿದೆವು. ಮಗಳು ಕಟ್ಟಿಕೊಟ್ಟ ಚಿತ್ರಾನ್ನ ಐದು ದೋಣಿಗಳಿಗೂ ಹಂಚಿಹೋಯಿತು. ಎರಡನೆಯ ದಿನ ಸಂಜೆ ಎಲಿಜಬೆತ್ ಸಿಟಿ. ಅಲ್ಲಿ ದೋಣಿಯವರಿಗೆ ಬಿಟ್ಟಿ ತಂಗುಕಟ್ಟೆಯಿದೆ. ಬಂದವರಿಗೆ ಊರಿನವರು ಗುಲಾಬಿ ಹೂ ಕೊಟ್ಟು ಸ್ವಾಗತಿಸುವ ಪದ್ಧತಿ ೧೯೮೩ರಲ್ಲಿ ಮೊದಲಾದದ್ದು. ಇಲ್ಲಿಯವರೆಗೆ ಎಲ್ಲವೂ ಮದುವೆಯ ದಿಬ್ಬಣದಂತೆಯೇ ನಡೆದಿತ್ತು.

ಮುಂದೆ ಇದ್ದುದು ಆಲ್ಬೆಮಾರ್ಲ್ ಸೌಂಡ್. ಸುಮಾರು ಐವತ್ತೈದು ಮೈಲಿ ಉದ್ದ. ನಾವು ದಾಟಬೇಕಾದ ಕಡೆ ಹನ್ನೆರಡು ಹದಿಮೂರು ಮೈಲಿ ಅಗಲ. ಆಳ ಮಾತ್ರ ಮೂರು ನಾಲ್ಕು ಮಾರು. ಆಳ ಕಡಿಮೆಯಾದರೆ ಭಯವೂ ಕಡಿಮೆಯೆಂದು ಭಾವಿಸಬಾರದು. ಇಂಥ ನೀರಿನಲ್ಲಿ ಗಾಳಿ ಎಬ್ಬಿಸುವ ಅಲೆಗಳು ಗಿಡ್ಡ, ಕಡಿದು, ಒತ್ತೊತ್ತಾಗಿ ಬರುತ್ತವೆ. ಸಣ್ಣ ದೋಣಿ ಒಂದನ್ನು ಏರಿ ಇಳಿಯುವುದರೊಳಗೆ ಇನ್ನೊಂದು ಮುಖಕ್ಕೆ ಬಡಿಯುತ್ತದೆ. ಇನ್ನೂ ಒಂದು ವಿಶೇಷ. ನಮ್ಮ ಕಡೆಯ ಅಳಿವೆಗಳಲ್ಲಿ ತಿಥಿ ನೋಡಿ ಉಬ್ಬರ ಇಳಿತಗಳನ್ನು ಹೇಳಬಹುದು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಈ ಸೌಂಡಿಗೂ ಕಡಲಿಗೂ ನಡುವೆ ಉದ್ದನೆಯ ಮರಳಿನ ದಿಣ್ಣೆಗಳು ಅಡ್ಡವಾಗಿರುವುದರಿಂದ ಚಂದ್ರನ ಆಟ ಅಲ್ಲಿ ನಡೆಯದು. ನೀರು ಏರುವುದೂ ಇಳಿಯುವುದೂ ಗಾಳಿಯಿಂದ. ಪಂಚಾಂಗಕ್ಕೆ ಸಿಗದ ನೀರು!

ಆ ಸಂಜೆ ಹವಾ ವರ್ತಮಾನದಲ್ಲಿ ಮರುದಿನ ದಕ್ಷಿಣದಿಂದ ಗಂಟೆಗೆ ಇಪ್ಪತ್ತು ನಾವಿಕ ಮೈಲಿಯ ಗಾಳಿಯೆಂದು ಬಂತು. ನಾವು ಹೋಗಬೇಕಾದುದೂ ದಕ್ಷಿಣಕ್ಕೇ. ಮುಂದಾಳು ಎಲ್ಲರನ್ನೂ ಕಟ್ಟೆಯ ಮೇಲೆ ಕೂಡಿಸಿದರು. ಅವರ ನಿಯಮ ಮೊದಲೇ ಗೊತ್ತಿತ್ತು: ಹೋಗುವುದಕ್ಕೆ ಐದು ದೋಣಿಗಳೂ ಒಪ್ಪಬೇಕು, ನಿಲ್ಲುವುದಕ್ಕೆ ಒಂದು ದೋಣಿ ಬೇಡವೆಂದರೆ ಸಾಕು. ಇಬ್ಬರು ಹೋಗಬಹುದೆಂದರು, ಇಬ್ಬರು ಸುಮ್ಮನಿದ್ದರು. ಹೋಗಲೇಬೇಕೆಂದು ಹಟ ಹಿಡಿದವರು ನಮ್ಮ ಅಳಿಯಂದಿರು, ಎಲ್ಲರಿಗಿಂತ ಚಿಕ್ಕ ದೋಣಿಯವರು. ಸೋಮವಾರ ಅವರಿಗೆ ಕೆಲಸ, ಗುರುವಾರ ನನಗೆ ವಿಮಾನ. "ಮಾವನವರಿಗೆ ತೋರಿಸಬೇಕೆಂದು ಆರು ತಿಂಗಳಿಂದ ದಿನ ಗೊತ್ತುಮಾಡಿಟ್ಟಿದ್ದೇನೆ" ಎಂದರು. ಆ ತವಕಕ್ಕೆ ಕಾರಣ ನಾನು ಎಂದು ಆಗ ತಿಳಿಯಿತು.

ನಾನು ಅವರನ್ನು ಪಕ್ಕಕ್ಕೆ ಕರೆದು, ಮಗಳಿಗೂ ಹೇಳಿರದ ಒಂದು ಸಂಗತಿಯನ್ನು ಹೇಳಿದೆ. ನನಗೆ ಆಗ ಎಂಟು ವರ್ಷ. ನಮ್ಮ ಹೊಳೆಗೆ ಇನ್ನೂ ಸೇತುವೆಯಿರಲಿಲ್ಲ. ಅಳಿವೆಯ ಹತ್ತಿರದ ಕಡವಿನಲ್ಲಿ ದೋಣಿಯಿಂದಲೇ ದಾಟಬೇಕು. ಮೇ ತಿಂಗಳ ಕೊನೆ, ಚಿಕ್ಕಪ್ಪನ ಮದುವೆ, ದಿಬ್ಬಣ ಎರಡು ದೋಣಿಗಳಲ್ಲಿ ಹೊರಟಿತ್ತು. ಮಳೆಗಾಲದ ಮುಂಚಿನ ತೆರೆ ಆಗಲೇ ಅಳಿವೆಯ ಒಳಕ್ಕೆ ನುಗ್ಗುತ್ತಿತ್ತು. ಎದುರಿಗೆ ಇಳಿತದ ಸೆಳೆತ. ದೋಣಿಯವನು ಒಂದೂವರೆ ಗಂಟೆ ತಡೆಯಿರಿ, ಇಳಿತ ನಿಲ್ಲಲಿ ಎಂದ. ಮುಹೂರ್ತ ಮೀರುತ್ತದೆ ಎಂದರು ಹಿರಿಯರು. ಮುಹೂರ್ತವಿಟ್ಟವರು ನಮ್ಮ ತಂದೆಯವರು. ಮೊದಲ ದೋಣಿ ದಾಟಿತು. ಎರಡನೆಯದು ನಡುಹೊಳೆಯಲ್ಲಿ ಮಗುಚಿತು. ಎಲ್ಲರನ್ನೂ ಎತ್ತಿದರು, ನನ್ನ ಸೋದರತ್ತೆಯ ಆರು ವರ್ಷದ ಮಗಳೊಬ್ಬಳನ್ನು ಬಿಟ್ಟು. ಊರಿನವರು ದೋಣಿಯವನನ್ನು ಬೈದರು. ಬೇಡವೆಂದವನು ಅವನೊಬ್ಬನೇ ಎಂಬುದನ್ನು ನಮ್ಮ ಮನೆಯವರು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ತಂದೆಯವರು ಆಮೇಲೆ ಯಾರಿಗೂ ಮುಹೂರ್ತವಿಡಲಿಲ್ಲ, ಕಾರಣವನ್ನೂ ಹೇಳಲಿಲ್ಲ.

ಅಳಿಯಂದಿರು ಏನೂ ಮಾತನಾಡದೆ ಹೋಗಿ ಮುಂದಾಳಿಗೆ "ನಮ್ಮ ದೋಣಿ ಬೇಡವೆನ್ನುತ್ತದೆ" ಎಂದು ತಿಳಿಸಿದರು. ಆಕೆ ಯಾಕೆಂದು ಕೇಳಲಿಲ್ಲ. ಕೇಳಕೂಡದೆಂಬುದೂ ಆಕೆಯ ನಿಯಮಗಳಲ್ಲಿ ಒಂದಂತೆ.

ಮರುದಿನ ಬೆಳಿಗ್ಗೆ ಊರ ಕಟ್ಟೆಯಲ್ಲಿ ಎಲೆ ಅಲುಗುತ್ತಿರಲಿಲ್ಲ. ಹೋಗಬಹುದೆಂದಿದ್ದವರು ನಮ್ಮ ಕಡೆ ನೋಡದೆ ಕಾಫಿ ಕುಡಿಯುತ್ತಿದ್ದರು. ಹನ್ನೊಂದರ ಹೊತ್ತಿಗೆ ಗಾಳಿ ಎದ್ದಿತು, ಹೇಳಿದಷ್ಟು ಬಲವಾಗಿ ಏನೂ ಅಲ್ಲ. ಸೌಂಡಿನ ನಡುವೆ ಎಷ್ಟಿತ್ತೋ, ಹೋಗಿ ನೋಡಿದವರಿಲ್ಲ. ಗಾಡಿಗಳು ಕಾದೇ ಇದ್ದುದರಿಂದ ಮಧ್ಯಾಹ್ನದೊಳಗೆ ದೋಣಿಗಳನ್ನು ಏರಿಸಿ, ಕೂವೆಮರ ಮಲಗಿಸಿ, ಹಗ್ಗ ಬಿಗಿದು ರಸ್ತೆ ಹಿಡಿದೆವು. ಎರಡು ದಿನ ನೀರಿನ ಮೇಲೆ ಬಂದ ದಾರಿ ಕಾರಿನಲ್ಲಿ ಒಂದು ಗಂಟೆಯ ಚಿಲ್ಲರೆಯಲ್ಲಿ ಮುಗಿಯಿತು. ರಸ್ತೆಯ ಪಕ್ಕದಲ್ಲಿಯೇ ಕಾಲುವೆಯ ಕಪ್ಪು ನೀರು ಬಹಳ ದೂರ ನಮ್ಮ ಜೊತೆ ಬಂದಿತು.

ಮುಂದಿನ ವರ್ಷ ಅವರ ತಂಡ ಸೌಂಡನ್ನು ದಾಟಿತೆಂದು ಅಳಿಯಂದಿರು ಬರೆದರು. ಈ ಸಲ ದಾಟುವುದಕ್ಕೆ ಒಂದು ದಿನವಲ್ಲ, ಮೂರು ದಿನಗಳನ್ನು ಇಟ್ಟುಕೊಂಡಿದ್ದರಂತೆ. ಮೂರನೆಯ ದಿನ, ಬೆಳಗಿನ ಐದಕ್ಕೆ, ನೀರು ಕನ್ನಡಿಯಂತಿದ್ದಾಗ ಹೊರಟರಂತೆ. ಕಾಗದದ ಕೊನೆಯಲ್ಲಿ ಒಂದು ಸಾಲು ಇತ್ತು: "ಮಾವ, ಇನ್ನೊಮ್ಮೆ ನೀವು ಬರುವಾಗ ದೋಣಿಯಾನಕ್ಕೂ ಊರಿಗೆ ಹಿಂತಿರುಗುವ ದಿನಕ್ಕೂ ನಡುವೆ ಒಂದು ಪಕ್ಷ ಬಿಟ್ಟು ಟಿಕೇಟು ಮಾಡಿಸಿ."